ಜಾಗ ಹುಡುಕಬೇಡಿ, ರಸ್ತೆ ಹುಡುಕಿ: 2027ರ ಖಗ್ರಾಸ ಗ್ರಹಣಕ್ಕೆ ಕಾರಿನಲ್ಲಿ ಹೊರಡುವವರಿಗೆ

2027ರ ಆಗಸ್ಟ್ 2, ಸೋಮವಾರ. ಅಂದು ಖಗ್ರಾಸ, ಅಂದರೆ ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚುವ ಗ್ರಹಣ. ಚಂದ್ರನ ನೆರಳು ಅಟ್ಲಾಂಟಿಕ್ ಮೇಲಿಂದ ಬಂದು ಸ್ಪೇನಿನ ದಕ್ಷಿಣದ ತುದಿಯನ್ನು ಸವರಿ, ಮೊರೊಕ್ಕೊ, ಅಲ್ಜೀರಿಯಾ, ಟ್ಯುನೀಸಿಯಾ, ಲಿಬಿಯಾ, ಈಜಿಪ್ಟ್, ಸೌದಿ ಅರೇಬಿಯಾ, ಯೆಮನ್, ಸೊಮಾಲಿಯಾ ಹಾದು ಹಿಂದೂ ಮಹಾಸಾಗರಕ್ಕೆ ಇಳಿಯುತ್ತದೆ. ಪುಣೆಯಲ್ಲೂ ಆ ಸಂಜೆ ಪಾರ್ಶ್ವ ಗ್ರಹಣ ಇದೆ. ಆದರೆ ಆಗಸ್ಟ್ ಮೊದಲ ವಾರದ ಪುಣೆಯಲ್ಲಿ ಸೂರ್ಯ ಕಂಡರೇ ಪುಣ್ಯ, ಇನ್ನು ಗ್ರಹಣ ಹಿಡಿದ ಸೂರ್ಯನನ್ನು ಎಲ್ಲಿ ಹುಡುಕೋಣ?

ನಾವು ಐದು ಮಂದಿ ಹೊರಡುವವರಿದ್ದೇವೆ: ನಾನು, ನಮ್ಮನೆಯವರು, ಹುಬ್ಬಳ್ಳಿಯಿಂದ ಅಣ್ಣ, ವೈನಿ, ಅವರ ಮಗ. ಸ್ಪೇನಿನವರೆಗೆ ವಿಮಾನ, ಅಲ್ಲಿಂದ ಬಾಡಿಗೆ ಕಾರು. ನಾನು ಚಾಕಣದ ಒಂದು ಕಾರ್ಖಾನೆಯಲ್ಲಿ ಸಿಬ್ಬಂದಿ ಬಸ್ಸುಗಳ ರೂಟು ಹಾಕುವವಳು. ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿರಬೇಕು, ನಾಶಿಕ್ ರಸ್ತೆ ಜಾಮ್ ಆದರೆ ಯಾವ ಕಡೆಯಿಂದ ತಿರುಗಿಸಬೇಕು, ಇದೇ ನನ್ನ ಹೊಟ್ಟೆಪಾಡು. ಗ್ರಹಣದ ಪ್ರವಾಸವನ್ನೂ ಅದೇ ಕಣ್ಣಿನಿಂದ ನೋಡಿದ್ದೇನೆ. ಖಗೋಳ ಗೊತ್ತಿರುವವರು ಬೇರೆ ರೀತಿ ಹೇಳಬಹುದು, ಅವರ ಮಾತನ್ನೂ ಕೇಳಿ.

ಹೊರಡುವವರೆಲ್ಲ ಮೊದಲು ಕೇಳುವುದು "ಯಾವ ಊರು ಚಲೋ?" ಅಂತ. ಊರು ಗಟ್ಟಿ ಮಾಡಿ, ಹೋಟೆಲಿಗೆ ದುಡ್ಡು ಕಟ್ಟಿ, ಆಮೇಲೆ ಆ ಊರಿನ ತಲೆಯ ಮೇಲೇ ಮೋಡ ಬಂದು ಕೂತರೆ ಏನು ಮಾಡುತ್ತೀರಿ? ನೆರಳು ಹಾಯುವ ಪಟ್ಟಿಯೊಳಗೇ ಉದ್ದಕ್ಕೂ ಓಡುವ ಒಂದು ಒಳ್ಳೆಯ ರಸ್ತೆ ಸಿಕ್ಕರೆ ಮೋಡ ಇತ್ತ ಇದ್ದಾಗ ಅತ್ತ ಸರಿಯಬಹುದು. ಕಾರಿನಲ್ಲಿ ಹೋಗುವ ಲಾಭ ಇರುವುದೇ ಅಲ್ಲಿ. ಅದಕ್ಕೇ ಮೊದಲು ರಸ್ತೆ ಆರಿಸಿ. ಊರು, ಹೋಟೆಲು ಅದರ ಬೆನ್ನಿಗೆ ತಾವಾಗಿಯೇ ಬರುತ್ತವೆ.

ಇದು ನನಗೆ ಮನದಟ್ಟಾದದ್ದು 2009ರ ಜುಲೈ 22ರಂದು. ಆ ಬೆಳಗ್ಗೆ ಖಗ್ರಾಸದ ಪಟ್ಟಿ ಸೂರತ್, ಭರೂಚ್ ಮೇಲಿಂದ ಇಂದೋರ್, ಭೋಪಾಳ, ವಾರಾಣಸಿ, ಪಟ್ನಾ ಕಡೆಗೆ ಹಾದಿತ್ತು. ನಾವು ಮುಂಬಯಿ ದಾಟಿ ಭರೂಚಿನ ಹತ್ತಿರ ಹೆದ್ದಾರಿಯ ಪಕ್ಕ ನಿಂತಿದ್ದೆವು. ಆರೂ ಇಪ್ಪತ್ತು ದಾಟುತ್ತಿದ್ದಂತೆ ಕತ್ತಲೆ ಬಂತು, ಕಾಗೆಗಳು ಕೂಗುತ್ತ ಮರಕ್ಕೆ ಮರಳಿದವು, ಲಾರಿಗಳು ಹೆಡ್‌ಲೈಟ್ ಹಾಕಿದವು. ಸೂರ್ಯ ಮಾತ್ರ ಮಳೆಮೋಡದ ಹಿಂದೆಯೇ ಉಳಿದ. ಅದೇ ಬೆಳಗ್ಗೆ ವಾರಾಣಸಿಯ ಘಾಟುಗಳಲ್ಲಿ ನಿಂತವರಿಗೆ ಚೆನ್ನಾಗಿಯೇ ಕಂಡಿತು.

2027ರದ್ದು ಆ ಗ್ರಹಣದ ಮುಂದಿನ ಪೀಳಿಗೆ. ಸುಮಾರು 18 ವರ್ಷ, 11 ದಿನ, 8 ಗಂಟೆಗೊಮ್ಮೆ ಸೂರ್ಯ, ಚಂದ್ರ, ಭೂಮಿ ಹೆಚ್ಚುಕಡಿಮೆ ಅದೇ ಜೋಡಣೆಗೆ ಮರಳುತ್ತವೆ. ಇದು ಸರೋಸ್ ಚಕ್ರ. 2009ರ ಜುಲೈ 22ಕ್ಕೆ 18 ವರ್ಷ 11 ದಿನ ಕೂಡಿಸಿ ನೋಡಿ, ಆಗಸ್ಟ್ 2 ಬರುತ್ತದೆ. ಎರಡೂ 136ನೇ ಸರೋಸ್ ಸಾಲಿನವು. ಮಿಕ್ಕ ಆ 8 ಗಂಟೆಯಲ್ಲಿ ಭೂಮಿ ಮೂರನೇ ಒಂದು ಸುತ್ತು ಹೆಚ್ಚು ತಿರುಗಿರುವುದರಿಂದ ನೆರಳು ಭರೂಚಿನ ಕಡೆ ಬೀಳದೆ ಪಶ್ಚಿಮಕ್ಕೆ ಸರಿದು ಬೀಳುತ್ತದೆ. ಅಂದು ತಪ್ಪಿಸಿಕೊಂಡದ್ದನ್ನು ಹಿಡಿಯಲು ಇಷ್ಟು ದೂರ ಹೋಗಬೇಕಾಗಿ ಬಂದದ್ದು ಹೀಗೆ.

ಈಜಿಪ್ಟೋ, ಸ್ಪೇನೋ

ನಮ್ಮನೆಯವರ ವೋಟು ಈಜಿಪ್ಟಿಗಿತ್ತು, ಅವರ ವಾದದಲ್ಲಿ ಹುರುಳೂ ಇತ್ತು. ಈ ಗ್ರಹಣದ ಅತಿ ದೀರ್ಘ ಖಗ್ರಾಸ, 6 ನಿಮಿಷ 23 ಸೆಕೆಂಡು, ಸಿಗುವುದು ಲಕ್ಸರ್ ಸಮೀಪದಲ್ಲಿ. ಆಗಸ್ಟಿನಲ್ಲಿ ಅಲ್ಲಿಯ ಆಕಾಶದಲ್ಲಿ ಮೋಡದ ಹೆದರಿಕೆ ಇಲ್ಲವೆಂದೇ ಹೇಳಬಹುದು. ಸ್ಪೇನಿನ ನೆಲದಲ್ಲಿ ಎಲ್ಲಿ ನಿಂತರೂ ಐದು ನಿಮಿಷ ಸಿಗದು. ಆದರೆ ಲಕ್ಸರಿನಲ್ಲಿ ಅದು ಆಗುವುದು ಮಧ್ಯಾಹ್ನ ಒಂದರ ಹೊತ್ತಿಗೆ. ಸೂರ್ಯ ನೆತ್ತಿಯ ಹತ್ತಿರ, ಬಿಸಿಲು 40 ಡಿಗ್ರಿ ದಾಟಿದ್ದು. ಅಣ್ಣನಿಗೆ ಬಿಪಿ ಇದೆ. ಎರಡು ಗಂಟೆ ಬಯಲಿನಲ್ಲಿ ತಲೆ ಎತ್ತಿ ಕೂರಿಸುವ ಧೈರ್ಯ ನನಗಾಗಲಿಲ್ಲ. ಗಟ್ಟಿಮುಟ್ಟಾಗಿದ್ದೀರಿ, ಡ್ರೈವಿಂಗ್ ತಾಪತ್ರಯ ಬೇಡ, ಮೋಡದ ಲೆಕ್ಕವೂ ಬೇಡ ಎನ್ನುವವರು ಮುಂದೆ ಓದದೆ ಲಕ್ಸರಿನ ಟೂರ್ ಪ್ಯಾಕೇಜ್ ಹಿಡಿಯಿರಿ.

ಸ್ಪೇನಿನಲ್ಲಿ ಖಗ್ರಾಸ ಬೆಳಗ್ಗೆ ಹತ್ತೂ ಮುಕ್ಕಾಲರ ಆಸುಪಾಸು, ನಮ್ಮ ಊರಿನ ಮಧ್ಯಾಹ್ನ ಎರಡೂ ಕಾಲು. ಸೂರ್ಯ ಪೂರ್ವದಲ್ಲಿ ಸುಮಾರು 40 ಡಿಗ್ರಿ ಮೇಲೆ ಇರುತ್ತಾನೆ. ಕುರ್ಚಿಯಲ್ಲಿ ಒರಗಿ ನೋಡಬಹುದು, ಗುಡ್ಡ ಕಟ್ಟಡ ಅಡ್ಡ ಬರುವ ಚಿಂತೆಯಿಲ್ಲ. ಇದನ್ನು 2026ರ ಆಗಸ್ಟ್ 12ರ ಗ್ರಹಣದ ಜೊತೆ ಕಲಸಿಕೊಳ್ಳಬೇಡಿ. ಅದೂ ಸ್ಪೇನಿನ ಮೇಲಿನದೇ, ಆದರೆ ಉತ್ತರ ಭಾಗದ್ದು, ಸೂರ್ಯಾಸ್ತಕ್ಕೆ ಅಂಟಿಕೊಂಡದ್ದು. ಹಳೆಯ ನಕ್ಷೆ ತೆರೆದು ಬುರ್ಗೋಸಿನಲ್ಲಿ ಹೋಟೆಲ್ ಹುಡುಕುತ್ತ ಕೂತರೆ ವರ್ಷವೇ ತಪ್ಪುತ್ತದೆ.

ಪಟ್ಟಿಯ ಒಳಗೋ ಹೊರಗೋ

ನಕ್ಷೆಗೆ ಫ್ರಾನ್ಸಿನ ಝೇವಿಯರ್ ಜ್ಯುಬಿಯೆ ಅಂತರ್ಜಾಲದಲ್ಲಿ ಹಾಕಿರುವ ಗ್ರಹಣದ ನಕ್ಷೆಗಳನ್ನು ನೋಡಿ. ಯಾವ ಬಿಂದುವಿನ ಮೇಲೆ ಒತ್ತಿದರೂ ನಾಲ್ಕು ಹೊತ್ತು ತೋರಿಸುತ್ತದೆ. ಸಿ1 ಎಂದರೆ ಚಂದ್ರ ಸೂರ್ಯನ ಅಂಚು ಮುಟ್ಟುವುದು, ಸಿ2 ಪೂರ್ತಿ ಮುಚ್ಚುವುದು, ಸಿ3 ಮತ್ತೆ ತೆರೆಯುವುದು, ಸಿ4 ಪೂರ್ತಿ ಬಿಡುವುದು. ಹೋಗಲಿರುವ ಜಾಗಗಳ ಈ ಹೊತ್ತುಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಸೆವಿಲ್ಯಾ ಪಟ್ಟಿಯ ಹೊರಗಿದೆ. ಮಾಲಗಾ ಒಳಗಿದ್ದರೂ ಅಂಚಿನ ಹತ್ತಿರ, ಎರಡು ನಿಮಿಷಕ್ಕೆ ಕೊಂಚ ಕಡಿಮೆ. ಕಾದಿಸ್‌ನಲ್ಲಿ ಮೂರು ನಿಮಿಷದ ಹತ್ತಿರ. ಜಿಬ್ರಾಲ್ಟರ್ ಜಲಸಂಧಿಯ ದಡದ ತಾರಿಫಾದಲ್ಲಿ ನಾಲ್ಕೂವರೆ ನಿಮಿಷ ದಾಟುತ್ತದೆ. ದಕ್ಷಿಣಕ್ಕೆ ಇಳಿದಷ್ಟೂ ಸಮಯ ಹೆಚ್ಚು.

"ಸೆವಿಲ್ಯಾದಲ್ಲೂ ಬಹುತೇಕ ಮುಚ್ಚತದಲ್ಲ, ಅಲ್ಲೇ ಆರಾಮ ಕೂತು ನೋಡೂಣು" ಎಂದು ಅಣ್ಣ ಫೋನಿನಲ್ಲಿ ಹೇಳಿದ. ಇಲ್ಲಿ ಮಾತ್ರ ಯಾರ ಮಾತನ್ನೂ ಕೇಳಬೇಡಿ. ಸೂರ್ಯನ ನೂರರಲ್ಲಿ ಒಂದು ಪಾಲು ಹೊರಗುಳಿದರೂ ಆ ಬೆಳಕು ಹುಣ್ಣಿಮೆ ಚಂದ್ರನ ಸಾವಿರಾರು ಪಟ್ಟು. ಸುತ್ತಲಿನ ಕರೋನಾ, ಅಂದರೆ ಸೂರ್ಯನ ಹೊರ ಪ್ರಭೆ, ಹುಣ್ಣಿಮೆ ಚಂದ್ರನಷ್ಟೇ ಮಂಕು. ಆ ಒಂದು ಪಾಲಿನ ಮುಂದೆ ಅದು ಕಾಣುವುದೇ ಇಲ್ಲ. ಪಟ್ಟಿಯ ಒಳಗಿದ್ದರೆ ಕರೋನಾ, ಕೊನೆಯ ಹೊಳಪು ಉಂಗುರದ ಹರಳಿನಂತೆ ಮಿಂಚುವ ವಜ್ರದುಂಗುರ, ಹಾಡುಹಗಲಲ್ಲಿ ಶುಕ್ರ. ಹೊರಗಿದ್ದರೆ ಬಿಸಿಲು ಸ್ವಲ್ಪ ಮಾಸಿದ ಹಾಗೆ, ಅಷ್ಟೇ. 2019ರ ಡಿಸೆಂಬರ್ 26ಕ್ಕೆ ಮಂಗಳೂರಿಗೆ ಹೋಗಿ ಕಂಕಣ ಗ್ರಹಣ ನೋಡಿದ್ದೇವೆ, ಬಹಳ ಚೆಂದ. ಆದರೆ ಕಂಕಣದಲ್ಲೂ ಉಂಗುರ ಉರಿಯುತ್ತಲೇ ಇರುವುದರಿಂದ ಕತ್ತಲೆ ಬರುವುದಿಲ್ಲ, ಕರೋನಾ ಕಾಣುವುದಿಲ್ಲ.

ವೈನಿ ಈ ವಾದಕ್ಕೆ ತಾವೇ ಮುಕ್ತಾಯ ಹಾಡಿದರು. 1980ರ ಫೆಬ್ರುವರಿ 16ರಂದು ಖಗ್ರಾಸದ ಪಟ್ಟಿ ಅಂಕೋಲಾದಿಂದ ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೇ ಹಾದಿತ್ತು. ಬೆಂಗಳೂರಿನ ಖಭೌತ ಸಂಸ್ಥೆಯವರು ದುರ್ಬೀನು ಹೊತ್ತುಕೊಂಡು ನಮ್ಮ ಸೀಮೆಗೆ ಬಂದಿದ್ದರು. ವೈನಿಯ ತವರು ಗದಗ, ನಮ್ಮದು ಹುಬ್ಬಳ್ಳಿ. ಎರಡೂ ಮನೆಯಲ್ಲಿ ಮಕ್ಕಳನ್ನು ಒಳಗೆ ಕೂಡಿ ಕಿಟಕಿಗೆ ಕಂಬಳಿ ಹೊದಿಸಿದ್ದರು. "ತಲಿ ಮ್ಯಾಲೆ ಬಂದಿದ್ದು ನೋಡಲಿಲ್ಲ. ಈಗ ಅಷ್ಟು ದೂರ ಹೋಗಿ ಅಂಚಿನ್ಯಾಗ ನಿಂದರೂದಾದ್ರ ನಾ ಬರೂದಿಲ್ಲ" ಅಂದರು. ಅಣ್ಣ ಸುಮ್ಮನಾದ.

ರಸ್ತೆ

ಮಾಲಗಾದಿಂದ ಕರಾವಳಿ ಗುಂಟ ಮಾರ್ಬೆಯ್ಯಾ, ಎಸ್ತೆಪೋನಾ ಮೇಲೆ ಅಲ್ಜೆಸಿರಾಸ್‌ವರೆಗೆ ಎ-7 ಹೆದ್ದಾರಿ, ಸುಮಾರು 140 ಕಿಲೋಮೀಟರ್. ಅದರ ಜೊತೆಜೊತೆಗೆ ಟೋಲ್ ಇರುವ ಎಪಿ-7 ಕೂಡ ಇದೆ. ಅಲ್ಜೆಸಿರಾಸ್‌ನಿಂದ ಪಶ್ಚಿಮಕ್ಕೆ ಎರಡು ದಾರಿ. ಒಂದು ಕರಾವಳಿಯ ಎನ್-340: ತಾರಿಫಾ ಮುಟ್ಟಿ ವೆಹೆರ್ ಕಡೆಗೆ ಹೋಗುತ್ತದೆ. ಇನ್ನೊಂದು ಒಳನಾಡಿನ ಎ-381: ಲೋಸ್ ಬಾರಿಯೋಸ್‌ನಿಂದ ಹೊರಟು ಓಕ್ ಮರಗಳ ಕಾಡಿನ ನಡುವೆ ಅಲ್ಕಲಾ ದೆ ಲೋಸ್ ಗಸುಲೆಸ್, ಮೆದಿನಾ ಸಿದೋನಿಯಾ ಮೇಲೆ ಹೆರೆಸ್‌ಗೆ ಬರುತ್ತದೆ. ಇವೆಲ್ಲ ಪಟ್ಟಿಯೊಳಗೇ ಇವೆ.

ನನ್ನ ಆಯ್ಕೆ ಎ-381. ಕಾರಣ ಹೇಳುತ್ತೇನೆ. ಎನ್-340 ಹೋಗುವುದಕ್ಕೊಂದು ಬರುವುದಕ್ಕೊಂದು ಸಾಲಿನ ರಸ್ತೆ, ನಡುವೆ ಡಿವೈಡರ್ ಇಲ್ಲ. ಸಾಮಾನ್ಯ ಬೇಸಿಗೆಯ ದಿನವೇ ಅಲ್ಲಿ ಗಾಡಿಗಳು ತೆವಳುತ್ತವೆ. ಗ್ರಹಣದ ದಿನ ನಾಲ್ಕೂವರೆ ನಿಮಿಷದ ಆಸೆಗೆ ಜನವೆಲ್ಲ ನುಗ್ಗುವುದು ತಾರಿಫಾಕ್ಕೇ. ಇದರ ಮೇಲೆ ಇನ್ನೊಂದು ಸಂಗತಿ: ಯುರೋಪಿನಲ್ಲಿ ದುಡಿಯುವ ಮೊರೊಕ್ಕೊ, ಅಲ್ಜೀರಿಯಾದವರು ರಜೆಗೆ ಕಾರಿನಲ್ಲೇ ಊರಿಗೆ ಹೋಗುತ್ತಾರೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಸ್ಪೇನ್ ಸರ್ಕಾರ ಇದಕ್ಕೆಂದೇ ವ್ಯವಸ್ಥೆ ಮಾಡುತ್ತದೆ. ಹೋಗುವವರು ಬರುವವರು ಸೇರಿ ಮೂವತ್ತು ಲಕ್ಷಕ್ಕೂ ಮೀರಿ ಜನ. ಹೆಚ್ಚಿನವರು ಹಡಗು ಹತ್ತುವುದು ಅಲ್ಜೆಸಿರಾಸ್, ತಾರಿಫಾ ಬಂದರುಗಳಿಂದ. ಸಾಲದ್ದಕ್ಕೆ ಆಗಸ್ಟ್ 1 ಭಾನುವಾರ. ಸ್ಪೇನಿನವರ ಬೇಸಿಗೆ ರಜೆ ಶುರುವಾಗಿ ಇಡೀ ದೇಶ ಕಡಲಿನ ಕಡೆ ಹೊರಡುವ ವಾರಾಂತ್ಯ. ಬಂದರಿನ ಸಾಲು, ರಜೆಯ ಸಾಲು, ಗ್ರಹಣದ ಸಾಲು ಮೂರೂ ಒಂದೇ ಕಡೆ. ರೂಟು ಹಾಕುವವಳಾಗಿ ಆ ತಿರುವಿಗೆ ನನ್ನ ಯಾವ ಗಾಡಿಯನ್ನೂ ಕಳಿಸಲಾರೆ. ಎ-381ರಲ್ಲಿ ಎರಡೆರಡು ಸಾಲು, ಡಿವೈಡರ್, ಟೋಲ್ ಇಲ್ಲ. ನಿಮಿಷ ಕೊಂಚ ಕಡಿಮೆಯಾದರೂ ನನಗೆ ಅದೇ ಸಾಕು.

ಜಿಬ್ರಾಲ್ಟರ್ ಬಂಡೆಯ ಮೇಲೆ ನಿಂತು ನೋಡೋಣ ಎಂದು ಅಣ್ಣನ ಮಗನಿಗೆ ಆಸೆ. ಅದು ಬ್ರಿಟನ್ನಿನ ಕೈಯಲ್ಲಿರುವ ಜಾಗ, ಸಣ್ಣದು, ಒಳಗೆ ಹೋದ ಗಾಡಿ ಹೊರಗೆ ಬರುವ ಹೊತ್ತಿಗೆ ಸಂಜೆಯಾದೀತು. ಅಲ್ಲಿಯ ಮೋಡದ ಕತೆ ಬೇರೆ.

ಗಾಳಿಯ ದಿಕ್ಕು ಕೇಳಿಕೊಳ್ಳಿ

ಜುಲೈನಲ್ಲಿ ಮುಂಬಯಿಯಿಂದ ಪುಣೆಗೆ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಖಂಡಾಳಾ ಘಾಟಿನಲ್ಲಿ ಎದುರಿನ ಗಾಡಿ ಕಾಣದಷ್ಟು ಮೋಡ ಇರುತ್ತದೆ, ತಳೇಗಾವ್ ದಾಟುತ್ತಿದ್ದಂತೆ ವೈಪರ್ ನಿಲ್ಲಿಸುತ್ತೇವೆ. ಕಡಲಿನ ತೇವ ಹೊತ್ತ ಗಾಳಿ ಗುಡ್ಡ ಹತ್ತುವ ಬದಿಗೆ ಮೋಡ, ಇಳಿಯುವ ಬದಿಗೆ ಬಯಲು. ಜಲಸಂಧಿಯ ಸುತ್ತಲೂ ಇದೇ ಆಟ. ಗಾಳಿ ಮಾತ್ರ ಎರಡು ದಿಕ್ಕಿನಿಂದ ಬರುತ್ತದೆ. ಪೂರ್ವದ ಗಾಳಿಗೆ ಲೆವಾಂತೆ ಎನ್ನುತ್ತಾರೆ. ಅದು ಬೀಸಿದಾಗ ಜಿಬ್ರಾಲ್ಟರ್ ಬಂಡೆಯ ನೆತ್ತಿಗೆ ಮೋಡ ಕಟ್ಟುತ್ತದೆ, ಪೂರ್ವ ದಂಡೆಯಲ್ಲಿ ತೇವ ಮತ್ತು ಕೆಳಮೋಡ, ತಾರಿಫಾದಲ್ಲಿ ಮರಳು ಕಣ್ಣಿಗೆ ಹೊಡೆಯುವಷ್ಟು ಗಾಳಿ. ಆಗ ಪಶ್ಚಿಮದ ಕಾದಿಸ್ ಕಡೆ ಬಿಸಿ, ಒಣ, ತಿಳಿ ಆಕಾಶ. ಪಶ್ಚಿಮದ ಗಾಳಿ ಪೋನಿಯೆಂತೆ. ಅದು ಬಂದರೆ ಅಟ್ಲಾಂಟಿಕ್‌ನ ತಂಪು, ತೇವ, ಒಮ್ಮೊಮ್ಮೆ ಬೆಳಗಿನ ಮಂಜು ಕಾದಿಸ್ ಬದಿಗೆ. ಮಾಲಗಾ ಬದಿ ಒಣಗಿರುತ್ತದೆ.

ಅಂದರೆ ಲೆವಾಂತೆ ಇದ್ದರೆ ಪಶ್ಚಿಮದಲ್ಲೇ ಉಳಿಯಿರಿ, ಪೋನಿಯೆಂತೆ ಮಂಜು ತಂದರೆ ಕಡಲು ಬಿಟ್ಟು ಪೂರ್ವಕ್ಕೆ, ಒಳಕ್ಕೆ ಸರಿಯಿರಿ. ಎ-381 ಈ ಎರಡು ಬದಿಯನ್ನೂ ಜೋಡಿಸುತ್ತದೆ. ನಾವು ಮಲಗುವುದು ಹೆರೆಸ್‌ನಲ್ಲಿ. ಕೈಯಲ್ಲಿ ಮೂರು ಜಾಗ: ಲೆವಾಂತೆಯಾದರೆ ಕಾದಿಸ್‌ನ ದಕ್ಷಿಣಕ್ಕಿರುವ ಕೋನಿಲ್ ಕಡಲತೀರ, ಎರಡೂ ಇಲ್ಲದಿದ್ದರೆ ಗುಡ್ಡದ ಮೇಲಿನ ಮೆದಿನಾ ಸಿದೋನಿಯಾ, ಕಡಲ ಮಂಜಾದರೆ ಅಲ್ಕಲಾ ಅಥವಾ ಅದರಾಚೆ. ಸ್ಪೇನಿನ ಹವಾಮಾನ ಇಲಾಖೆ ಏಮೆಟ್. ಅದರ ಮುನ್ಸೂಚನೆಯನ್ನು ಶನಿವಾರದಿಂದ ನೋಡಲು ಶುರು ಮಾಡಿ. ಭಾನುವಾರ ರಾತ್ರಿ ಊಟದ ನಂತರ ಒಮ್ಮೆ, ಸೋಮವಾರ ಬೆಳಗ್ಗೆ ಎದ್ದಕೂಡಲೇ ಉಪಗ್ರಹದ ಚಿತ್ರ ಒಮ್ಮೆ. ಹದಿನೈದು ದಿನ ಮೊದಲೇ ನೋಡುತ್ತ ಕೂತರೆ ನಿದ್ದೆ ಕೆಡುತ್ತದೆಯೇ ಹೊರತು ಇನ್ನೇನೂ ತಿಳಿಯುವುದಿಲ್ಲ.

ಆಗಸ್ಟ್ ತಿಂಗಳು, ಗ್ರಹಣ, ಮೋಡ ಎಂದಾಗ ಜಮಖಂಡಿ ನೆನಪಾಗುತ್ತದೆ. 1868ರ ಆಗಸ್ಟ್ 18ರ ಖಗ್ರಾಸಕ್ಕೆ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅಲ್ಲಿಗೆ ಸ್ಪೆಕ್ಟ್ರೋಸ್ಕೋಪ್ ತಂದು ಮಳೆಗಾಲದ ಮೋಡಗಳ ಸಂದಿಯಲ್ಲಿ ಸೂರ್ಯಜ್ವಾಲೆಗಳ ಬೆಳಕನ್ನು ಬಿಡಿಸಿ ನೋಡಿದ್ದ. ಅದೇ ಗ್ರಹಣಕ್ಕೆ ಗುಂಟೂರಿನಲ್ಲಿ ಕೂತಿದ್ದವನು ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್. ಹೀಲಿಯಂ ಶೋಧದ ಕತೆ ಅಲ್ಲಿಂದಲೇ ಶುರು. ಅವರಿಗೆ ಮೋಡ ಬಂದರೆ ಸರಿದು ಹೋಗಲು ಎ-381 ಇರಲಿಲ್ಲ, ಪಾಪ.

ರೂಟ್ ಶೀಟು ಹಿಂದಿನಿಂದ ಬರೆಯಿರಿ

ಕಾರ್ಖಾನೆಯಲ್ಲಿ ನಾವು ಬಸ್ಸು ಹೊರಡುವ ಹೊತ್ತನ್ನು ಮೊದಲು ಬರೆಯುವುದಿಲ್ಲ. ಶಿಫ್ಟಿನ ಸೈರನ್ ಎಷ್ಟಕ್ಕೆ ಎಂದು ಬರೆದು ಅಲ್ಲಿಂದ ಹಿಂದಕ್ಕೆ ಬರುತ್ತೇವೆ. ಇಲ್ಲಿ ಸೈರನ್ ಎಂದರೆ ಸಿ2, ಹತ್ತೂ ಮುಕ್ಕಾಲು. ಸಿ1 ಸುಮಾರು ಒಂಬತ್ತೂ ನಲವತ್ತಕ್ಕೆ, ಅಷ್ಟರಲ್ಲಿ ಎಲ್ಲರೂ ಕುರ್ಚಿಯಲ್ಲಿ ಕೂತಿರಬೇಕು. ಅದಕ್ಕೂ ಮೊದಲು ಶೌಚ, ಮಾತ್ರೆ, ಟೋಪಿ, ನೀರು, ಅರ್ಧ ಗಂಟೆ. ಪಾರ್ಕಿಂಗ್ ಹುಡುಕಲು ಅರ್ಧ ಗಂಟೆ. ಹಾಗಾಗಿ ಎಂಟೂವರೆಗೆ ಜಾಗ ಮುಟ್ಟಿರಬೇಕು. ಹೆರೆಸ್‌ನಿಂದ ನಮ್ಮ ಮೂರು ಜಾಗಗಳೂ ಖಾಲಿ ರಸ್ತೆಯಲ್ಲಿ ಒಂದು ಗಂಟೆಯೊಳಗಿನವು. ಅಂದು ಮೂರು ಗಂಟೆ ಎಂದು ಹಿಡಿದಿದ್ದೇನೆ. ಐದೂವರೆಗೆ ಹೋಟೆಲ್ ಬಿಡುವುದು. ಸೂರ್ಯೋದಯವಾಗುವುದೇ ಏಳೂವರೆಯ ಹತ್ತಿರ, ಆದ್ದರಿಂದ ಹೊರಡುವಾಗ ಕತ್ತಲೆ ಇರುತ್ತದೆ. ಸಾಮಾನೆಲ್ಲ ರಾತ್ರಿಯೇ ಡಿಕ್ಕಿಗೆ.

ಎಂಟೂವರೆಯ ನಂತರ ಜಾಗ ಬದಲಿಸುವುದಿಲ್ಲ. ಇದನ್ನು ಹೊರಡುವ ಮೊದಲೇ ಎಲ್ಲರಿಂದ ಒಪ್ಪಿಸಿಕೊಳ್ಳಿ. ದೂರದಲ್ಲಿ ಒಂದು ಮೋಡದ ತುಣುಕು ಕಂಡು "ಅಲ್ಲಿಗೆ ಹೋಗೋಣ, ಇಲ್ಲಿಗೆ ಹೋಗೋಣ" ಎಂದು ಓಡಾಡಿದವರು ಸಿ2 ಹೊತ್ತಿಗೆ ಹೆದ್ದಾರಿಯ ನಡುವೆ ಇರುತ್ತಾರೆ, ಅಲ್ಲಿ ನಿಲ್ಲಿಸುವಂತೆಯೂ ಇಲ್ಲ. ತೀರ್ಮಾನ ಒಬ್ಬರದೇ ಇರಲಿ, ಅವರು ಸ್ಟೀರಿಂಗ್ ಹಿಡಿದವರಾಗಿರಬಾರದು. ನಮ್ಮಲ್ಲಿ ಚಾವಿ ನಮ್ಮನೆಯವರ ಕೈಯಲ್ಲಿ, ತೀರ್ಮಾನ ನನ್ನ ಕೈಯಲ್ಲಿ. ಮೊಬೈಲ್ ನೆಟ್‌ವರ್ಕ್ ಜನಸಂದಣಿಯಲ್ಲಿ ಕೈಕೊಡುತ್ತದೆ ಎಂದುಕೊಂಡೇ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಡೀಸೆಲ್, ನೀರು, ಹಣ್ಣು ಶನಿವಾರವೇ ತುಂಬಿಸಿ. ಭಾನುವಾರ ಸ್ಪೇನಿನಲ್ಲಿ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ.

ಕಾಗದಪತ್ರ, ಕಾರು

ಸ್ಪೇನಿಗೆ ಬೇಕಾದದ್ದು ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ. ಅದಕ್ಕೆ ಪ್ರಯಾಣದ ಆರು ತಿಂಗಳು ಮೊದಲಿಂದ ಅರ್ಜಿ ಹಾಕಬಹುದು, ಅಂದರೆ 2027ರ ಜನವರಿ ಕೊನೆಯಿಂದ. ಬೇಸಿಗೆಯ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಮಾರ್ಚಿಯೊಳಗೆ ಮುಗಿಸಿ. 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಹತ್ತು ವರ್ಷದೊಳಗಿನದಾಗಿರಬೇಕು, ಮರಳಿದ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. "ಅಲ್ಲವ್ವಾ, ಮೂರು ನಿಮಿಷದ ಸಲುವಾಗಿ ಅಷ್ಟು ರೊಕ್ಕ ಹಾಕಿ ಹೋಗೂದೇನ?" ಎಂದು ಅಣ್ಣ ಕೇಳಿದಾಗ ನಾನು ವಾದ ಮಾಡಲಿಲ್ಲ, ಪಾಸ್‌ಪೋರ್ಟ್ ನವೀಕರಣದ ಫಾರ್ಮು ಕಳಿಸಿದೆ.

ಗಾಡಿ ಓಡಿಸುವವರಿಗೆ ಭಾರತದ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಬೇಕು. ನಿಮ್ಮ ಆರ್‌ಟಿಒದಲ್ಲೇ ಸಿಗುತ್ತದೆ, ಅರ್ಜಿ ನಮೂನೆ 4ಎ. ಅದರ ಅವಧಿ ಒಂದೇ ವರ್ಷ, ಆದ್ದರಿಂದ ಉತ್ಸಾಹದಲ್ಲಿ ತೀರಾ ಮೊದಲೇ ಮಾಡಿಸಬೇಡಿ. ಬಾಡಿಗೆಯ ಠೇವಣಿಗೆ ಓಡಿಸುವವರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ಗಂಡನ ಲೈಸೆನ್ಸು, ಹೆಂಡತಿಯ ಕಾರ್ಡು ನಡೆಯುವುದಿಲ್ಲ. ಅಲ್ಲಿ ಗೇರಿನ ಗಾಡಿಗಳೇ ಹೆಚ್ಚು. ಬಲಬದಿಗೆ ಓಡಿಸುವುದು, ಎಡಗಡೆ ಸ್ಟೀರಿಂಗ್, ಅದರ ಮೇಲೆ ಬಲಗೈಯಲ್ಲಿ ಗೇರು, ಮೂರೂ ಒಟ್ಟಿಗೆ ಬೇಡ. ಆಟೊಮ್ಯಾಟಿಕ್ ಕೇಳಿ ಬುಕ್ ಮಾಡಿ. ಐದು ಜನಕ್ಕೆ ಏಳು ಸೀಟಿನ ಗಾಡಿ. ಹಿಂದಿನ ಸಾಲು ಮಡಚಿದರೆ ಪೆಟ್ಟಿಗೆಗಳಿಗೆ ಜಾಗವಾಗುತ್ತದೆ. ಗುರುವಾರವೇ ಗಾಡಿ ಎತ್ತಿಕೊಂಡು ಎರಡು ದಿನ ಸಣ್ಣ ಊರುಗಳ ನಡುವೆ ಓಡಿಸಿ, ವೃತ್ತಗಳಲ್ಲಿ ಎಡದಿಂದ ಬರುವವರಿಗೆ ದಾರಿ ಬಿಡುವುದು ಕೈಗೆ ಹತ್ತಲಿ. ಮೂರು ಜಾಗಗಳಿಗೂ ಹಗಲಿನಲ್ಲಿ ಒಮ್ಮೆ ಹೋಗಿ ಪಾರ್ಕಿಂಗ್, ಶೌಚ, ನೆರಳು ನೋಡಿಕೊಂಡು ಬನ್ನಿ.

ಬುತ್ತಿ

ಯುರೋಪಿಗೆ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವಂತಿಲ್ಲ. ಧಾರವಾಡ ಪೇಢೆ, ತುಪ್ಪ, ಕುಂದಾ ಎಲ್ಲ ಮನೆಯಲ್ಲೇ ಉಳಿಯಬೇಕು. ಅಣ್ಣನಿಗೆ ಇದು ವೀಸಾ ಖರ್ಚಿಗಿಂತ ದೊಡ್ಡ ನೋವು. ನಮ್ಮ ಪುಣ್ಯಕ್ಕೆ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಹಚ್ಚಿದ ಅವಲಕ್ಕಿಗೆ ಅಡ್ಡಿಯಿಲ್ಲ. ಬಿಸಿಲಿಗೆ ಕೆಡುವುದಿಲ್ಲ, ಜಾಮ್‌ನಲ್ಲಿ ಸಿಕ್ಕಿಕೊಂಡರೆ ದಿನವಿಡೀ ಆಗುತ್ತದೆ. ಅಲ್ಲಿಯ ಟೊಮ್ಯಾಟೊ ತಣ್ಣನೆ ಸಾರು ಗಾಸ್ಪಾಚೊ ಶಾಕಾಹಾರಿಯೇ. ಅದರ ಅಣ್ಣತಮ್ಮನಂತೆ ಕಾಣುವ ಸಾಲ್ಮೊರೇಹೊ ಮೇಲೆ ಹಂದಿಮಾಂಸ, ಮೊಟ್ಟೆ ಉದುರಿಸಿರುತ್ತಾರೆ, ಕೇಳಿ ತಿನ್ನಿ.

ವೈನಿ ಗ್ರಹಣ ಬಿಡುವವರೆಗೆ ಏನೂ ಮುಟ್ಟುವುದಿಲ್ಲ, ಬಿಟ್ಟ ಮೇಲೆ ಸ್ನಾನ. ಇದಕ್ಕೆ ವಾದ ಹಾಕುವ ಬದಲು ಶೀಟಿನಲ್ಲಿ ಜಾಗ ಮಾಡಿದ್ದೇನೆ: ಐದು ಗಂಟೆಗೆ ಹೋಟೆಲಿನಲ್ಲೇ ಚಹಾ, ಅವಲಕ್ಕಿ; ಸಿ4 ಹನ್ನೆರಡರ ಸುಮಾರಿಗೆ, ಆಮೇಲೆ ರೊಟ್ಟಿ. ಕೋನಿಲ್ ಆದರೆ ಸ್ನಾನಕ್ಕೆ ಕಡಲೇ ಇದೆ, ಮೆದಿನಾ ಆದರೆ ಎರಡು ಬಾಟಲಿ ನೀರು ತಲೆಗೆ. ನೀರು ಕುಡಿಯದೆ ಇರುವುದಕ್ಕೆ ಮಾತ್ರ ನಾನು ಒಪ್ಪಿಲ್ಲ. ಬಿಪಿ ಮಾತ್ರೆ ತಪ್ಪಿಸುವುದಕ್ಕೂ.

ಕಣ್ಣು

ಐಎಸ್‌ಒ 12312-2 ಎಂದು ಬರೆದ ಗ್ರಹಣದ ಕನ್ನಡಕವನ್ನು ನಂಬಿಕೆಯ ಮಾರಾಟಗಾರರಿಂದ ಇಲ್ಲಿಂದಲೇ ಒಯ್ಯಿರಿ, ಒಂದೆರಡು ಹೆಚ್ಚಿಗೆ ಇರಲಿ. ಹಾಕಿಕೊಂಡು ಮನೆಯ ಟ್ಯೂಬ್‌ಲೈಟ್ ನೋಡಿ; ಚೆನ್ನಾಗಿ ಕಂಡರೆ ಆ ಕನ್ನಡಕ ಕಸಕ್ಕೆ. ಗೀರು, ತೂತು ಬಿದ್ದದ್ದೂ ಕಸಕ್ಕೆ. ಎಕ್ಸ್‌ರೇ ಫಿಲ್ಮು, ಮಸಿ ಹಿಡಿದ ಗಾಜು, ಕೂಲಿಂಗ್ ಗ್ಲಾಸು, ಯಾವುದೂ ಬೇಡ. ಕನ್ನಡಕ ತೆಗೆಯುವುದು ಸಿ2ರಿಂದ ಸಿ3ರವರೆಗೆ ಮಾತ್ರ. ಕೊನೆಯ ಹೊಳಪು ಆರಿದ ಮೇಲೆ ತೆಗೆಯಿರಿ, ಬಲಬದಿಯಲ್ಲೋ ಎಡಬದಿಯಲ್ಲೋ ಮತ್ತೆ ಮೊದಲ ಹೊಳಪು ಹೊಮ್ಮುತ್ತಿದ್ದಂತೆ ಹಾಕಿಕೊಳ್ಳಿ. ಆ ನಿಮಿಷಗಳಲ್ಲಿ ಮೊಬೈಲ್ ಹಿಡಿದು ಕೂರುವುದು ಬೇಡ. ಅಣ್ಣನ ಮಗ ಸ್ಟ್ಯಾಂಡಿನ ಮೇಲೆ ಫೋನನ್ನು ನಮ್ಮ ಕಡೆ ತಿರುಗಿಸಿಟ್ಟು ವೀಡಿಯೋ ಓಡಿಸುತ್ತಾನಂತೆ, ನಮ್ಮ ಮುಖಗಳೂ ಮಾತೂ ಸಿಗಲಿ ಎಂದು. ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಕಡಲ ದಂಡೆಯಲ್ಲಿದ್ದರೆ ಸಿ2ಕ್ಕೆ ಒಂದು ನಿಮಿಷ ಮೊದಲು ಒಮ್ಮೆ ಬೆನ್ನು ತಿರುಗಿಸಿ ಪಶ್ಚಿಮಕ್ಕೆ ನೋಡಿ. ನೆರಳು ಬರುವುದು ಆ ಕಡೆಯಿಂದ, ನೀರಿನ ಮೇಲೆ.

ಮುಗಿದ ಮೇಲೆ

2017ರಲ್ಲೂ 2024ರಲ್ಲೂ ಅಮೆರಿಕದಲ್ಲಿ ಖಗ್ರಾಸ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಹೊರಟು ಗಂಟೆಗಟ್ಟಲೆ ರಸ್ತೆಯಲ್ಲೇ ಸಿಕ್ಕಿಕೊಂಡರು. ಬರುವಾಗ ಜನ ಎರಡು ದಿನ ಬಿಡಿಬಿಡಿಯಾಗಿ ಬಂದಿರುತ್ತಾರೆ, ಮರಳುವುದು ಮಾತ್ರ ಒಂದೇ ಗಳಿಗೆಯಲ್ಲಿ. ನಾವು ಸಂಜೆ ಐದರವರೆಗೆ ಕದಲುವುದಿಲ್ಲ. ಆ ರಾತ್ರಿಯೂ ಹೆರೆಸ್‌ನಲ್ಲೇ ಕೋಣೆ, ವಿಮಾನ ಬುಧವಾರ. ಅದೇ ದಿನದ ಸಂಜೆಗೆ ಟಿಕೆಟ್ ಅಗ್ಗವಾಗಿ ಸಿಕ್ಕರೂ ತೆಗೆದುಕೊಳ್ಳಬೇಡಿ.

ರೊಕ್ಕ, ರಜೆ ಹೊಂದದವರು 2034ರ ಮಾರ್ಚ್ 20 ಬರೆದಿಟ್ಟುಕೊಳ್ಳಿ. ಅಂದಿನ ಖಗ್ರಾಸ ಕಾರ್ಗಿಲ್ ಕಡೆ ನಮ್ಮ ದೇಶದೊಳಗೇ ಹಾಯುತ್ತದೆ, ವೀಸಾ ಬೇಡ. ಆದರೆ ಮಾರ್ಚಿಯಲ್ಲಿ ಜೋಜಿಲಾ ಕಣಿವೆ ಹಿಮದಡಿ ಇರುವ ಕಾಲ, ಲಡಾಖಿನ ಚಳಿ ಬೇರೆ. ಅದರ ರೂಟ್ ಶೀಟನ್ನು ಇನ್ನೂ ಶುರು ಮಾಡಿಲ್ಲ. ಈಗ ಕೈಯಲ್ಲಿರುವುದು ಬಾಡಿಗೆ ಕಾರಿನ ಕೆಲಸ: ವಾಪಸ್ ಕೊಡುವ ಮೊದಲು ಟ್ಯಾಂಕ್ ತುಂಬಿಸಿ, ಬಿಲ್ಲು ಇಟ್ಟುಕೊಳ್ಳಿ, ಗಾಡಿಯ ನಾಲ್ಕೂ ಬದಿಯ ಫೋಟೊ ತೆಗೆಯಿರಿ, ಮತ್ತು ಸೀಟಿನ ಕೆಳಗೆ ರೊಟ್ಟಿಯ ಚೂರು ಉಳಿದಿದ್ದರೆ ಗುಡಿಸಿಬಿಡಿ, ಸ್ವಚ್ಛತೆಯ ಹೆಸರಿನಲ್ಲಿ ಠೇವಣಿಯಿಂದ ಕತ್ತರಿಸುತ್ತಾರೆ.